ಮೂರು ರಾಜ್ಯದ ಕಾಡಿಗೆ ಗುಂಡ್ಲುಪೇಟೆಯಲ್ಲೇ ಒಂದು ಫಲಕ ಬೇಕು

ಮಾನ್ಯ ಸಂಪಾದಕರೇ,

ಗುಂಡ್ಲುಪೇಟೆ ಸುತ್ತಿನ ತೋಟಗಳಲ್ಲಿ ಟೆಂಟ್ ಹಾಕಿಕೊಂಡು ಎರಡು ಮೂರು ದಿನ ಉಳಿದು, ಬಂಡೀಪುರದ ಜೊತೆಗೆ ತಮಿಳುನಾಡಿನ ಮುದುಮಲೆಯನ್ನೂ ಕೇರಳದ ವಯನಾಡನ್ನೂ ನೋಡಿಬರುವ ಅಭ್ಯಾಸ ಈಚಿನ ವರ್ಷಗಳಲ್ಲಿ ಹೆಚ್ಚಿದೆ. ಆಲೋಚನೆ ಒಳ್ಳೆಯದೇ. ಈ ಕಾಡುಗಳು ಒಂದಕ್ಕೊಂದು ಅಂಟಿಕೊಂಡಿವೆ; 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ನಡುಭಾಗವೇ ಇವು. ಆದರೆ ಕಾಡು ಒಂದೇ ಆದರೂ ಕಟ್ಟಳೆ ಮೂರು ಬಗೆ. ಗೇಟು ಮುಚ್ಚುವ ಹೊತ್ತು, ಪಾಸು, ಪ್ಲಾಸ್ಟಿಕ್, ಸಫಾರಿ ಟಿಕೆಟ್, ಎಲ್ಲವೂ ಗಡಿ ದಾಟಿದ ಕೂಡಲೇ ಬದಲಾಗುತ್ತವೆ. ಅದು ಪ್ರವಾಸಿಗರಿಗೆ ತಿಳಿಯುವುದು ಚೆಕ್‌ಪೋಸ್ಟ್‌ನಲ್ಲಿ ನಿಂತ ಮೇಲೆ. ಅಷ್ಟರಲ್ಲಿ ಹಿಂದಕ್ಕೆ ತಿರುಗಲೂ ಹೊತ್ತು ಮೀರಿರುತ್ತದೆ.

ಮೊದಲು ಉಳಿಯುವ ಜಾಗದ ಮಾತು. ರಕ್ಷಿತ ಕಾಡಿನೊಳಗೆ ನಮ್ಮಷ್ಟಕ್ಕೆ ನಾವು ಟೆಂಟ್ ಹೊಡೆಯಲು ಮೂರೂ ರಾಜ್ಯಗಳಲ್ಲಿ ಅವಕಾಶವಿಲ್ಲ. ಕಾಡಿನ ಹೊರಗೆ, ಖಾಸಗಿ ಜಮೀನಿನಲ್ಲಿ, ಪರವಾನಗಿ ಇರುವ ಕಡೆ ಮಾತ್ರ ಉಳಿಯಬೇಕು. ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ (ಕಟ್ಟಡ, ವ್ಯಾಪಾರಕ್ಕೆ ನಿರ್ಬಂಧವಿರುವ ಪ್ರದೇಶ) ಘೋಷಣೆಯಾಗಿರುವುದರಿಂದ ಮುಂಗಡ ಕಟ್ಟುವ ಮುಂಚೆ ಪರವಾನಗಿ ತೋರಿಸಿ ಎಂದು ಕೇಳುವುದು ತಪ್ಪಲ್ಲ. ಕಾಡಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಚೆಂದ ಎಂದು ಹಂಗಳದಿಂದಾಚೆ, ಮೇಲುಕಾಮನಹಳ್ಳಿ ಕಡೆಗೇ ಜಾಗ ಹುಡುಕುವವರು ಹೆಚ್ಚು. ಆದರೆ ಎರಡೂ ಗಡಿಗೆ ಹೋಗಿಬರುವವರಿಗೆ ಗುಂಡ್ಲುಪೇಟೆ ಪಟ್ಟಣದ ಆಸುಪಾಸೇ ಅನುಕೂಲ. ಮೈಸೂರಿನಿಂದ ಸುಮಾರು 60 ಕಿ.ಮೀ. ದೂರದ ಈ ಊರಿನಲ್ಲೇ ರಸ್ತೆ ಕವಲೊಡೆಯುವುದು: ರಾಷ್ಟ್ರೀಯ ಹೆದ್ದಾರಿ 766 ಮದ್ದೂರು, ಮೂಲೆಹೊಳೆ ದಾಟಿ ವಯನಾಡಿನ ಸುಲ್ತಾನ್ ಬತ್ತೇರಿಗೆ, ಹೆದ್ದಾರಿ 181 ಮೇಲುಕಾಮನಹಳ್ಳಿ, ತಮಿಳುನಾಡು ಗಡಿಯ ಚೆಕ್‌ಪೋಸ್ಟ್ ಕೆಕ್ಕನಹಳ್ಳ ದಾಟಿ ಗೂಡಲೂರು, ಊಟಿಗೆ. ಪೆಟ್ರೋಲ್, ಔಷಧಿ, ಎಟಿಎಂ ಎಲ್ಲವನ್ನೂ ಇಲ್ಲೇ ಮುಗಿಸಿಕೊಳ್ಳಬೇಕು. ಕಾಡೊಳಗೆ ಮೊಬೈಲ್ ಸಿಗ್ನಲ್ ಕೂಡ ನೆಚ್ಚುವಂತಿಲ್ಲ.

ಇನ್ನು ಹೊತ್ತಿನ ಲೆಕ್ಕ. ಇಡೀ ಪ್ರವಾಸ ನಿಲ್ಲುವುದು ಇದರ ಮೇಲೆಯೇ. ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ರಾತ್ರಿ ಲಾರಿ, ಕಾರುಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳನ್ನು ಉಳಿಸಲು ತಂದ ನಿಯಮವಿದು, ಒಂದು ನಿಮಿಷವೂ ಸಡಿಲವಾಗಬಾರದು ಎಂಬುದೇ ನಮ್ಮ ನಿಲುವು. ಒಂಬತ್ತಕ್ಕೆ ಸರಿಯಾಗಿ ಚೆಕ್‌ಪೋಸ್ಟ್ ಮುಟ್ಟಿದರಾಯಿತು ಎಂದುಕೊಂಡು ಹೊರಡುವವರು ಕೊನೆಯ ಅರ್ಧ ಗಂಟೆಯಲ್ಲಿ ಕಾಡಿನ ರಸ್ತೆಯ ಮೇಲೆ ಕಾರು ಹಾರಿಸಿಕೊಂಡು ಬರುತ್ತಾರೆ. ಹಂಪ್‌ಗಳಿಂದ ತುಂಬಿದ ಈ ರಸ್ತೆ ಗಂಟೆಗೆ 40 ಕಿ.ಮೀ. ಮೀರಿ ಓಡಿಸುವ ರಸ್ತೆಯೇ ಅಲ್ಲ. ಗಡಿಯ ಗೇಟನ್ನು ಎಂಟೂಕಾಲಕ್ಕೆ ದಾಟುವಂತೆ ಲೆಕ್ಕ ಹಾಕಿಕೊಂಡರೆ ಈ ಆತುರ ಇರುವುದಿಲ್ಲ. ಊಟಿಯಿಂದ ಗೂಡಲೂರಿಗೆ ಘಟ್ಟದ ದಾರಿ ಸುಮಾರು 50 ಕಿ.ಮೀ., ಅಲ್ಲಿಂದ ಮುದುಮಲೆಯ ತೆಪ್ಪಕಾಡಿಗೆ ಇನ್ನೂ 18 ಕಿ.ಮೀ. ಅಂದರೆ ಊಟಿ ಬಿಡುವುದು ಸಂಜೆ ಐದರೊಳಗೆ. ವಾರಾಂತ್ಯವಾದರೆ ನಾಲ್ಕಕ್ಕೇ.

ವಯನಾಡಿನ ಕಡೆ ಇನ್ನೊಂದು ತೊಡಕಿದೆ. ಮಾನಂದವಾಡಿಯಿಂದ ಬಾವಲಿ, ಅಂತರಸಂತೆ, ಎಚ್.ಡಿ. ಕೋಟೆ ಮೂಲಕ ಮೈಸೂರಿಗೆ ಬರುವ ರಸ್ತೆ ನಾಗರಹೊಳೆ ಕಾಡನ್ನು ಸೀಳಿಕೊಂಡು ಬರುತ್ತದೆ. ಅದು ಮುಚ್ಚುವುದು ಒಂಬತ್ತಕ್ಕಲ್ಲ, ಸಂಜೆ ಆರಕ್ಕೆ. ಮೂಲೆಹೊಳೆಯ ಹೊತ್ತನ್ನೇ ಇಲ್ಲಿಗೂ ಅನ್ವಯಿಸಿಕೊಂಡು ಏಳಕ್ಕೆ ಬಾವಲಿ ಮುಟ್ಟಿದವರಿಗೆ ದಾರಿ ಇರುವುದಿಲ್ಲ. ರಾತ್ರಿ ತೆರೆದಿರುವುದು ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಮಾರ್ಗ. ಗುಂಡ್ಲುಪೇಟೆಯಲ್ಲಿ ಟೆಂಟ್ ಬಿಟ್ಟುಬಂದವರು ಆ ದಾರಿ ಹಿಡಿದರೆ ಮೈಸೂರಿಗೆ ಹೋಗಿ ಮತ್ತೆ 60 ಕಿ.ಮೀ. ಕೆಳಗಿಳಿಯಬೇಕು. ಹೊತ್ತು ಮೀರಿದರೆ ಬತ್ತೇರಿಯಲ್ಲೇ ಒಂದು ರೂಮು ಹಿಡಿದು ಬೆಳಿಗ್ಗೆ ಆರಕ್ಕೆ ಹೊರಡುವುದೇ ಲೇಸು.

ಮುದುಮಲೆಗೆ ಹೋಗುವವರಿಗೆ ಪಾಸಿನ ವಿಷಯ ಗೊತ್ತಿರಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕು. ‘ನಾವು ಊಟಿಗೆ ಹೋಗುತ್ತಿಲ್ಲ, ಆನೆ ಕ್ಯಾಂಪಿಗಷ್ಟೇ’ ಎಂಬ ಮಾತು ಕೆಕ್ಕನಹಳ್ಳದಲ್ಲಿ ನಡೆಯುವುದಿಲ್ಲ. ತೆಪ್ಪಕಾಡು, ಮಸಿನಗುಡಿ ಎರಡೂ ನೀಲಗಿರಿ ಜಿಲ್ಲೆಯವೇ. ವಾಹನದ ನಂಬರು, ಜನರ ಸಂಖ್ಯೆ, ಬರುವ ಹೋಗುವ ದಿನ, ಉಳಿಯುವ ಜಾಗ ತುಂಬಿದರೆ ಪಾಸು ಬರುತ್ತದೆ. ಒಟಿಪಿ ಮೊಬೈಲಿಗೇ ಬರುವುದರಿಂದ ಈ ಕೆಲಸವನ್ನು ಗುಂಡ್ಲುಪೇಟೆಯಲ್ಲಿ ಮುಗಿಸಿ, ಪಾಸನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಬೇಕು. 2025ರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ವಾಹನಗಳ ಮಿತಿಯೂ ಇತ್ತು. ಹಾಗಾಗಿ ಬೇಸಿಗೆಯಲ್ಲಿ ಹೊರಡುವ ದಿನ ಬೆಳಿಗ್ಗೆ ಪಾಸು ಮಾಡಿಸುತ್ತೇವೆ ಎಂದರೆ ಸಿಗದೇ ಹೋಗಬಹುದು. ಸರ್ಕಾರಿ ಬಸ್ಸಿನಲ್ಲಿ ಹೋದರೆ ಈ ರಗಳೆ ಇಲ್ಲ. ಬಾಡಿಗೆ ಕಾರಾದರೆ ಅಖಿಲ ಭಾರತ ಪರ್ಮಿಟ್ ಇದೆಯೇ ಎಂದು ಮಾಲೀಕರನ್ನು ಮೊದಲೇ ಕೇಳಿ.

ಅದೇ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆರೆಸಿ ನೋಡುವುದು ಪ್ಲಾಸ್ಟಿಕ್‌ಗಾಗಿ. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧವಿದೆ. ಲೀಟರ್, ಎರಡು ಲೀಟರ್ ನೀರಿನ ಬಾಟಲಿಗಳೂ ಅದರಲ್ಲಿ ಸೇರಿವೆ. ಟೆಂಟಿಗೆಂದು ಡಜನ್ ಬಾಟಲಿಯ ಕಟ್ಟು ತಂದವರು ಅದನ್ನು ಗಡಿಯಲ್ಲೇ ಬಿಡಬೇಕಾಗುತ್ತದೆ. ಸ್ಟೀಲ್ ಕ್ಯಾನು, ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ತಿಂಡಿಯನ್ನು ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಟೆಂಟ್ ಸಾಮಾನನ್ನು ಉಳಿದುಕೊಂಡ ಕಡೆಯೇ ಬಿಟ್ಟುಬಂದರೆ ತಪಾಸಣೆ ಬೇಗ ಮುಗಿಯುತ್ತದೆ.

ಯಾವ ಕಾಡನ್ನು ಯಾವ ಹೊತ್ತಿಗೆ ಇಟ್ಟುಕೊಳ್ಳಬೇಕು ಎಂಬುದನ್ನು ಗೇಟಿನ ಹೊತ್ತೇ ತೀರ್ಮಾನಿಸುತ್ತದೆ. ವಯನಾಡಿನ ಮುತ್ತಂಗದಲ್ಲಿ ಬೆಳಗಿನ ಸಫಾರಿ ಏಳಕ್ಕೆ ಶುರು. ಜೀಪುಗಳ ಸಂಖ್ಯೆಗೆ ಮಿತಿಯಿದೆ. ಗುಂಡ್ಲುಪೇಟೆಯಿಂದ ಆರಕ್ಕೆ ಗೇಟು ತೆರೆದ ಕೂಡಲೇ ಹೊರಟರೂ ಸುಮಾರು 45 ಕಿ.ಮೀ. ದಾಟುವಷ್ಟರಲ್ಲಿ ಏಳು ಮೀರಿರುತ್ತದೆ, ಬತ್ತೇರಿಯಲ್ಲಿ ಉಳಿದವರು ಅಷ್ಟರಲ್ಲಿ ಸಾಲಿನಲ್ಲಿ ನಿಂತಿರುತ್ತಾರೆ. ಆದ್ದರಿಂದ ಗುಂಡ್ಲುಪೇಟೆಯಲ್ಲಿ ಉಳಿದವರಿಗೆ ಮುತ್ತಂಗ ಮಧ್ಯಾಹ್ನದ ಕಾಡು. ಮೂರು ಗಂಟೆಯ ಸರದಿಗೆ ಮುಂಚೆಯೇ ಹೋಗಿ ನಿಂತರೆ ಐದೂವರೆಯೊಳಗೆ ಎಲ್ಲ ಮುಗಿಸಿ, ಬೆಳಕಿರುವಾಗಲೇ ಮೂಲೆಹೊಳೆ ದಾಟಬಹುದು. ಮುದುಮಲೆಯದು ಇದಕ್ಕೆ ತಿರುವುಮುರುವು. ತೆಪ್ಪಕಾಡು ಗುಂಡ್ಲುಪೇಟೆಯಿಂದ ಒಂದು ಗಂಟೆಯ ದಾರಿ. ಬೆಳಿಗ್ಗೆಯೇ ಹೋದರೆ ಸಫಾರಿಯ ಜೊತೆಗೆ ಮೋಯಾರ್ ದಡದ ಆನೆ ಕ್ಯಾಂಪಿನಲ್ಲಿ ಮೇವು ಕೊಡುವುದನ್ನೂ ನೋಡಬಹುದು. ಬೇಯಿಸಿದ ರಾಗಿ, ಹುರುಳಿಗೆ ಬೆಲ್ಲ, ಉಪ್ಪು ಸೇರಿಸಿ ಕಟ್ಟಿದ ದೊಡ್ಡ ಉಂಡೆಯನ್ನು ಮಾವುತ ಕೈಯಾರೆ ಆನೆಯ ಬಾಯೊಳಗಿಡುತ್ತಾನೆ. ಯಾವ ಆನೆಗೆ ಯಾವುದು ಎಷ್ಟು ಎಂಬುದು ಅದರ ವಯಸ್ಸು, ಆರೋಗ್ಯ ನೋಡಿ ನಿಗದಿಯಾಗಿರುತ್ತದೆ. ಮಕ್ಕಳಿರುವವರು ಇದನ್ನು ಬಿಡಬಾರದು.

ಒಂದೇ ದಿನದಲ್ಲಿ ಗುಂಡ್ಲುಪೇಟೆ, ತೆಪ್ಪಕಾಡು, ಗೂಡಲೂರು, ಬತ್ತೇರಿ, ಮೂಲೆಹೊಳೆ ಎಂದು ಸುತ್ತು ಹಾಕಿ ‘ಮೂರು ರಾಜ್ಯ, ಮೂರು ಕಾಡು’ ಮುಗಿಸುವವರಿದ್ದಾರೆ. 150 ಕಿ.ಮೀ. ಮೀರುವ ಈ ಸುತ್ತು ಸಾಧ್ಯ, ಆದರೆ ಅದರಲ್ಲಿ ಒಂದು ಸಫಾರಿಯೂ ನೆಟ್ಟಗೆ ಆಗುವುದಿಲ್ಲ. ದಿನಕ್ಕೊಂದು ಗಡಿ ಸಾಕು.

ಮಸಿನಗುಡಿಯಿಂದ ಕಲ್ಹಟ್ಟಿ ಘಟ್ಟ ಹತ್ತಿ ಊಟಿಗೆ ಹೋಗುವ ಹತ್ತಿರದ ದಾರಿಯನ್ನು ಮ್ಯಾಪ್ ತೋರಿಸುತ್ತದೆ. 36 ಹೇರ್‌ಪಿನ್ ತಿರುವುಗಳ ಕಡಿದಾದ ಘಟ್ಟ ಅದು. ಹತ್ತಲು ಬಿಡುತ್ತಾರೆ, ಹೊರಗಿನ ವಾಹನ ಅಲ್ಲಿ ಇಳಿಯಲು ಬಿಡುವುದಿಲ್ಲ. ಕಾರಣ ಸರಳ: ಬಯಲಿನಲ್ಲಿ ಓಡಿಸಿ ಅಭ್ಯಾಸವಿರುವವರು ಗೇರ್ ಇಳಿಸದೆ ಬ್ರೇಕ್ ಒತ್ತಿಕೊಂಡೇ ಇಳಿಯುತ್ತಾರೆ, ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಹಿಂದಿರುಗುವುದು ಗೂಡಲೂರು ಮೇಲೆಯೇ ಎಂದು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಅಲ್ಲೂ ಎರಡನೇ ಗೇರಿನಲ್ಲಿ ಇಳಿಯುವುದೇ ಕ್ಷೇಮ.

ಕಾಡಿನ ರಸ್ತೆಯಲ್ಲಿ ಇಳಿಯಬಾರದು ಎಂಬುದನ್ನು ಎಷ್ಟು ಸಲ ಬರೆದರೂ ಕಡಿಮೆಯೇ. ನೀಲಗಿರಿಯಿಂದ ತರಕಾರಿ ತುಂಬಿ ಬರುವ ಲಾರಿಗಳಿಂದ ಕ್ಯಾರೆಟ್ ರಸ್ತೆಗೆ ಬೀಳುತ್ತದೆ. ಆನೆ ಅದರ ರುಚಿ ಕಂಡು ರಸ್ತೆಯ ಮೇಲೇ ನಿಲ್ಲುತ್ತದೆ, ಫೋಟೊ ಆಸೆಗೆ ಜನ ಇಳಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಕೆಕ್ಕನಹಳ್ಳ ರಸ್ತೆಯಲ್ಲಿ ಹೀಗೆ ಇಳಿದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿದದ್ದೇ ಹೆಚ್ಚು; ಆಮೇಲೆ 25,000 ರೂಪಾಯಿ ದಂಡವೂ ಬಿತ್ತು. ಆನೆ ಎದುರಾದರೆ ಹಾರ್ನ್ ಹೊಡೆಯದೆ, ಎಂಜಿನ್ ಏರಿಸದೆ ದೂರದಲ್ಲೇ ನಿಂತು, ಹಿಂದೆ ಸರಿಯಲು ಜಾಗ ಇಟ್ಟುಕೊಳ್ಳಬೇಕು. ಮುಂದಿನ ಕಾರಿಗೆ ತಾಗಿಸಿ ನಿಲ್ಲಿಸಿದರೆ ಆ ಜಾಗವೇ ಇರುವುದಿಲ್ಲ.

ಬೇಸಿಗೆಯಲ್ಲಿ ಪ್ರಾಣಿಗಳು ಹೆಚ್ಚು ಕಾಣುತ್ತವೆ ಎಂದು ಮಾರ್ಚ್, ಏಪ್ರಿಲ್‌ನಲ್ಲೇ ಬರುವವರು ಇನ್ನೊಂದು ಮಾತು ತಿಳಿದಿರಲಿ. ನೀಲಗಿರಿಯ ಮಳೆ ನೆರಳಿನಲ್ಲಿರುವ ಬಂಡೀಪುರ, ಮುದುಮಲೆಯ ಬಹುಭಾಗ ಆಗ ಒಣಗುತ್ತದೆ. ಆನೆಗಳು ನೀರು, ಹಸಿ ಮೇವು ಹುಡುಕಿಕೊಂಡು ಕಬಿನಿ ಹಿನ್ನೀರಿಗೂ ವಯನಾಡಿನ ಜೌಗು ಬಯಲುಗಳಿಗೂ ಸರಿಯುತ್ತವೆ. ಕಾಡ್ಗಿಚ್ಚಿನ ಭಯವೂ ಅದೇ ಹೊತ್ತಿನದು. ಹೀಗಾಗಿ ವಯನಾಡಿನಲ್ಲಿ ಬೇಸಿಗೆಯಲ್ಲಿ ಪ್ರವೇಶವನ್ನೇ ನಿಲ್ಲಿಸುವುದುಂಟು. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟದ್ದನ್ನು ಈ ಭಾಗದ ಜನ ಮರೆತಿಲ್ಲ. ಟೆಂಟ್ ಮುಂದೆ ಬೆಂಕಿ ಹಾಕಿ ಕೂರುವ ಆಸೆಯನ್ನು ಜನವರಿಯಿಂದ ಮೊದಲ ಮಳೆ ಬೀಳುವವರೆಗೆ ಪೂರ್ತಿ ಬಿಡಬೇಕು. ಒಂದು ಕಿಡಿ ಗಾಳಿಗೆ ಹಾರಿ ಲಂಟಾನದ ಒಣ ಪೊದೆಗೆ ಬಿದ್ದರೆ ಆಮೇಲೆ ಅದು ಯಾರ ಕೈಯಲ್ಲೂ ಇರುವುದಿಲ್ಲ. ಇದೇ ತಿಂಗಳುಗಳಲ್ಲಿ ರಕ್ತ ಹೀರುವ ಉಣ್ಣೆಗಳ ಕಾಟವೂ ಹೆಚ್ಚು. ಅವುಗಳ ಕಡಿತದಿಂದ ಬರುವ ಮಂಗನ ಕಾಯಿಲೆ 2015ರಲ್ಲಿ ವಯನಾಡಿನಲ್ಲಿ ಹರಡಿತ್ತು. ತೋಳು ತುಂಬ ಬಟ್ಟೆ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಂಡು, ತರಗೆಲೆ ಮೇಲೆ ಕೂರದೆ, ಸಂಜೆ ಮೈ ನೋಡಿಕೊಂಡರೆ ಸಾಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

ಸಫಾರಿ ಇದ್ದೇ ಇರುತ್ತದೆ ಎಂದು ನಂಬಿ ಬರುವಂತೆಯೂ ಇಲ್ಲ. ಹುಲಿ ದಾಳಿಗಳ ನಂತರ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಂತಿತು. ಕಾಡಂಚಿನ ರೈತರ ಜೀವದ ಮುಂದೆ ನಮ್ಮ ರಜೆ ದೊಡ್ಡದಲ್ಲ, ಆ ತೀರ್ಮಾನ ಸರಿಯೇ. ಆದರೆ ಇಂಥ ಸುದ್ದಿ ಮೈಸೂರು ಬಿಡುವ ಮುಂಚೆ ತಿಳಿದರೆ ಪ್ರವಾಸಿಗೂ ಸುಖ, ಚೆಕ್‌ಪೋಸ್ಟ್ ಸಿಬ್ಬಂದಿಗೂ ಸುಖ.

ಅದಕ್ಕೇ ಚಾಮರಾಜನಗರ ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆಗೆ ನಮ್ಮ ಕೋರಿಕೆ: ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುವ ಕಡೆ, ವಾಹನ ನಿಲ್ಲಿಸಿ ಓದುವಷ್ಟು ಜಾಗ ಬಿಟ್ಟು, ಒಂದು ದೊಡ್ಡ ಫಲಕ ಹಾಕಿ. ಅದರಲ್ಲಿ ಮೂಲೆಹೊಳೆ, ಕೆಕ್ಕನಹಳ್ಳ, ಬಾವಲಿ ಮೂರೂ ಗೇಟುಗಳ ಹೊತ್ತು, ಇ-ಪಾಸಿನ ಕ್ಯೂಆರ್ ಕೋಡ್, ಪ್ಲಾಸ್ಟಿಕ್ ನಿಯಮ, ಆ ದಿನ ಯಾವ ಕಾಡಿನಲ್ಲಿ ಸಫಾರಿ ಇದೆ ಎಂಬ ವಿವರ ಕನ್ನಡ, ತಮಿಳು, ಮಲಯಾಳಂ, ಇಂಗ್ಲಿಷ್‌ನಲ್ಲಿ ಇರಲಿ. ಪ್ರತಿದಿನ ಬದಲಾಗುವ ಸಾಲನ್ನು ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಅದಕ್ಕೆ ಬೇಕಾದ ಮಾಹಿತಿ ಪಕ್ಕದ ಎರಡು ಕಾಡುಗಳ ಕಚೇರಿಗೆ ಬೆಳಿಗ್ಗೆ ಒಂದೊಂದು ಫೋನ್ ಮಾಡಿದರೆ ಸಿಗುತ್ತದೆ. ಬಂಡೀಪುರ ಸಫಾರಿ ಕಾದಿರಿಸಿದವರಿಗೆ ಹೋಗುವ ಸಂದೇಶದಲ್ಲೂ ಇದೇ ವಿವರ ಸೇರಿಸಬಹುದು. ತಮ್ಮ ಪತ್ರಿಕೆಯ ಮೈಸೂರು, ಚಾಮರಾಜನಗರ ಆವೃತ್ತಿಯಲ್ಲಿ ಶುಕ್ರವಾರಕ್ಕೊಮ್ಮೆ ನಾಲ್ಕು ಸಾಲು ಜಾಗ ಕೊಟ್ಟರೆ ವಾರಾಂತ್ಯಕ್ಕೆ ಹೊರಡುವವರಿಗೆ ಅದು ಸಮಯಕ್ಕೆ ಸಿಗುತ್ತದೆ.

ಇಂತಿ,
ಕಾಡಂಚಿನ ಓದುಗರು, ಗುಂಡ್ಲುಪೇಟೆ