ಬ್ರಾಡ್‌ಬ್ಯಾಂಡ್ ವಿಳಾಸದ ಸಂಗತಿ ಮೊದಲೇ ತಿಳಿಸಲಿ

ಮಾನ್ಯ ಸಂಪಾದಕರೇ,

ನಾವು ನಾಲ್ವರು ಸಹೋದ್ಯೋಗಿಗಳು ತಂತಮ್ಮ ಮನೆಯಿಂದಲೇ ಒಟ್ಟಿಗೆ ಮೈನ್‌ಕ್ರಾಫ್ಟ್ ಆಡಬೇಕೆಂದು ನನ್ನ ಕಂಪ್ಯೂಟರಿನಲ್ಲಿ ಸರ್ವರ್ (ಎಲ್ಲರೂ ಬಂದು ಸೇರುವ ಆಟವನ್ನು ನಡೆಸುವ ತಂತ್ರಾಂಶ) ಸಿದ್ಧಪಡಿಸಿ, ಎಲ್ಲರೂ ಒಂದೇ ಆವೃತ್ತಿ ಹಾಕಿಕೊಂಡು, ರೂಟರ್‌ನಲ್ಲಿ ಆ ಆಟದ ಸಂಪರ್ಕ ಒಳಬರುವ ದ್ವಾರವಾದ 25565ನೇ ಪೋರ್ಟ್ ತೆರೆದರೂ ಯಾರಿಗೂ ಸಂಪರ್ಕ ಸಿಗಲಿಲ್ಲ. ಎರಡು ವಾರ ರೂಟರನ್ನೇ ಶಂಕಿಸಿದ ಮೇಲೆ ಕಾರಣ ತಿಳಿಯಿತು: ಇಂಟರ್ನೆಟ್‌ನಲ್ಲಿ ಸಂಪರ್ಕಗಳನ್ನು ಗುರುತಿಸುವ ಐಪಿವಿ4 ಎಂಬ ಸಂಖ್ಯಾ ವಿಳಾಸಗಳ ಕೊರತೆಯಿಂದ ಸೇವಾ ಕಂಪನಿಯು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿರುವುದರಿಂದ, ಹೊರಗಿನಿಂದ ಬರುವ ಕೋರಿಕೆ ನಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ರೂಟರ್ ತೋರಿಸುವ ಹೊರವಿಳಾಸ 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ ನಿಮ್ಮ ಮನೆಯದೂ ಇದೇ ಸ್ಥಿತಿ. ವಿದ್ಯಾರ್ಥಿಗಳು ಸರ್ವರ್ ನಡೆಸುವುದನ್ನು ಇಂಥ ಆಟಗಳಿಂದಲೂ ಕಲಿಯಬಹುದಾದ್ದರಿಂದ, ಸಂಪರ್ಕ ನೀಡುವಾಗಲೇ ವಿಳಾಸ ಹಂಚಿಕೆಯ ಈ ಸಂಗತಿಯನ್ನು ಲಿಖಿತವಾಗಿ ತಿಳಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕಂಪನಿಗಳಿಗೆ ಸೂಚಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಮೈಸೂರು