ಕೈ ನಡುಗಲಿಲ್ಲ ಅಂತ ಬರದಿಯಲ್ಲ

ಗದಗ

ಚಿ. ತಮ್ಮಗ ಅತ್ತಿಯ ಆಶೀರ್ವಾದ.

ಮನಿ ಸುದ್ದಿ ಎಲ್ಲಾ ನಿಮ್ಮವ್ವ ಫೋನಿನ್ಯಾಗ ಹೇಳಿರತಾಳ, ನಾ ಮತ್ತ ಬರಿಯೂದಿಲ್ಲ. ನೀ ಕಳಿಸಿದ ಜೊಂಬಿ ಕತಿ, ಅಂದ್ರ ಕಡಿಸಿಕೊಂಡವರು ಗುರುತು ಮರತು ಮಂದೀನ್ನ ಕಡಿಯಾಕ ಬರೂ ಕತಿ, ಎರಡು ಸಲ ಓದಿದೆ. ಕತಿಗಿಂತ ಅದರ ಕೆಳಗ ನೀ ಬರದ ನಾಕು ಸಾಲು ನನ್ನ ನಿದ್ದಿ ಕೆಡಿಸಿದುವು. 'ಮಗಾ ಅವ್ವನ ತಲಿಗೆ ಕಬ್ಬಿಣದ ಹಾರಿಲೆ ಹೊಡಿಯೂದು ಬರದು, ಎದ್ದು ಹೋಗಿ ಚಾ ಕುಡದೆ ಅತ್ತಿ. ಕೈ ನಡುಗಲಿಲ್ಲ. ನನ್ನೊಳಗ ಏನರ ಸತ್ತೈತೇನು ಅಂತ ಅಂಜಿಕಿ ಆಗೈತಿ.'

ಏನೂ ಸತ್ತಿಲ್ಲ. ಆದ್ರ ಅಷ್ಟ ಹೇಳಿ ಪತ್ರ ಮುಗಿಸಿದ್ರ ನಿನಗೂ ಸಮಾಧಾನ ಆಗೂದಿಲ್ಲ, ನನಗೂ ಆಗೂದಿಲ್ಲ.

ನಿನ್ನ ಕತಿ ಮುಂದ ಇಟಗೊಂಡು ಸಾಲು ಎಣಿಸಿದೆ. ಹಳೇ ಹುಬ್ಬಳ್ಳಿ ಓಣ್ಯಾಗ ಅವ್ವನ ಮುಂಗೈಗೆ ಜೊಂಬಿ ಕಡಿಯೂದು ಮೂರನೇ ಸಾಲಿನ್ಯಾಗ. ಮಗಾ ದನದ ಮನ್ಯಾಗಿನ ಹಾರಿ ಎತ್ತೂದು ಹದಿನಾಲ್ಕನೇ ಸಾಲಿನ್ಯಾಗ. ನಡುವ ಇರೂದು ಹತ್ತ ಸಾಲು, ಅದರಾಗೂ ಆರು ಸಾಲು ಓಣಿ ಮಂದಿ ಓಡಿದ್ದು. ಅವ್ವ ಒಂದ ಮಾತೂ ಆಡೂದಿಲ್ಲ. 'ಆಕಿ ಇನ್ನ ಅವ್ವ ಅಲ್ಲ' ಅಂತ ಮಗಾ ತಾನ ಅಂದು ತಾನ ಹೊಡೀತಾನ. ಕೈ ಹೆಂಗ ನಡುಗಬೇಕು, ತಮ್ಮಾ? ಹಾರಿ ಬೀಳೂ ಜಾಗಾದಾಗ ನೀ ಅವ್ವನ್ನ ಇಟ್ಟ ಇಲ್ಲ.

'ಇನ್ನ ಅವ್ವ ಅಲ್ಲ' ಅನ್ನೂ ಮಾತು ಯಾರು ಅನಬೇಕು, ಯಾವಾಗ ಅನಬೇಕು ಅನ್ನೂದರಾಗ ಈ ಜೊಂಬಿ ಕತಿಗಳ ಧರ್ಮಸಂಕಟ ಪೂರಾ ಐತಿ. ನೀನ ಸೂಟಿಗೆ ಬಂದಾಗ ನನ್ನ ಕುಂದರಿಸಿ ತೋರಿಸಿದ ಸಿನಿಮಾ ನೆನಪು ಮಾಡಿಕೋ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'ದಾಗ ಎದ್ದು ಬರೂವು ಹೆಣಾ. ನೆಲಮನಿಯೊಳಗ ಮಗಳು ಸತ್ತು ಎದ್ದು ಅಪ್ಪನ್ನ ತಿಂತಾಳ, ಅವ್ವ ಮುಂದ ನಿಂತು ನೋಡಿದ್ರೂ ಕೈ ಎತ್ತೂದಿಲ್ಲ, ಕಡೀಕ ಆಕೀನ ಸಾಯತಾಳ. ಅಲ್ಲಿ ಮಗಳು ಸತ್ತಾಳ ಅನ್ನೂದರಾಗ ಅನುಮಾನ ಇಲ್ಲ, ಪ್ರಶ್ನೆ ಉಳದದ್ದು ಅವ್ವನ ಎದಿಯೊಳಗ ಅಷ್ಟ. 2002ರ '28 ಡೇಸ್ ಲೇಟರ್' ಹಂಗಲ್ಲ. ಅಲ್ಲಿ ಯಾರೂ ಸತ್ತು ಎದ್ದವರಲ್ಲ, ಜೀವಂತ ಇದ್ದ ರೋಗಿಗಳು. ಕಣ್ಣಾಗ ಒಂದ ಹನಿ ರಕ್ತ ಬಿದ್ದು ಅಪ್ಪ ಕೆಡತಾನ, ಮಗಳಿಗೆ ದೂರ ನಿಲ್ಲು ಅನ್ನೂವಷ್ಟ ಹೊತ್ತು ಅವನ ಹಂತ್ಯಾಕ ಇರತೈತಿ. ಮುಂದ ಅದ ಸಿನಿಮಾದ ಕಡೀಕ ರೋಗಿಗಳು ಉಪವಾಸ ಬಿದ್ದು ತಾವ ಸಾಯತಾರ. ಅಂದ್ರ ಬಾಗಲಾ ಹಾಕಿ ಕಾದಿದ್ರೂ ನಡೀತಿತ್ತು. ಕೊಲ್ಲೂದೊಂದ ದಾರಿ ಇರಲಿಲ್ಲ.

ನಿನ್ನ ಕತಿಯೊಳಗ ಅವ್ವ ಹೆಣಾನೋ, ವಾಸಿ ಆಗದ ರೋಗಿನೋ, ಔಷಧ ಇನ್ನೂ ಸಿಗದ ರೋಗಿನೋ? ನೀ ಅದನ್ನ ಠರಾವ್ ಮಾಡೇ ಇಲ್ಲ. ಮೂರಕ್ಕೂ ಹಾರಿ ಒಂದ ಇರಬಹುದು, ಪಾಪ ಒಂದ ಅಲ್ಲ. ಹೆಣಕ್ಕ ಹೊಡದ್ರ ಅದು ದುಃಖ. ಎರಡನೇದ್ದು ದಯಾನೋ ಕೊಲಿನೋ ಅಂತ ಮಂದಿ ಇನ್ನೂ ಜಗಳಾಡತಾರ. ಮೂರನೇದ್ದರಾಗ ಜಗಳ ಇಲ್ಲ, ಅದು ಕೊಲಿ.

ಕಡತ, ಜೊಲ್ಲು, ರೊಚ್ಚು, ಈ ಕತಿಗಳಿಗೆ ಇದೆಲ್ಲಾ ನಮ್ಮ ರೇಬೀಸದಿಂದ ಬಂದಂಗ ಕಾಣತೈತಿ. ಆದ್ರ ಸಿನಿಮಾದವರು ಒಂದನ್ನ ಕಸಗೊಂಡಾರ, ವ್ಯಾಳ್ಯಾ. ಹುಚ್ಚನಾಯಿ ಕಡದ ಮ್ಯಾಲೆ ರೋಗ ಏಳಾಕ ಸಾಮಾನ್ಯ ಎರಡು ಮೂರು ತಿಂಗಳು ಹಿಡೀತೈತಿ. ಕೆಲವರಿಗೆ ವಾರದಾಗ ಬರತೈತಿ, ಕೆಲವರಿಗೆ ವರ್ಷ ಆಗತೈತಿ. ಆ ವ್ಯಾಳ್ಯಾದಾಗ ಮಾಡೂ ಕೆಲಸ ಐತಿ. ಗಾಯಕ್ಕ ಸಾಬಾಣ ಹಚ್ಚಿ ಹರಿಯೂ ನೀರಿನ್ಯಾಗ 15 ನಿಮಿಷ ತೊಳೀಬೇಕು. ಅರಿಷಿಣ, ಸುಣ್ಣ, ಖಾರಪುಡಿ ಏನೂ ಹಚ್ಚಬಾರದು, ಕಟ್ಟಬಾರದು, ಅವಸರ ಮಾಡಿ ಹೊಲಿಗಿ ಹಾಕಿಸಬಾರದು. ಹೊಲಿಗಿ ಸೂಜಿನ ವೈರಸ್ಸನ್ನ ಇನ್ನೂ ಒಳಗ ನರದ ಹತ್ರ ಒಯ್ದು ಬಿಡಬಹುದು. ರಕ್ತ ಬಂದ ಗಾಯ ಇದ್ರ ಗಾಯದ ಒಳಗ ಮತ್ತ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನ ಅಲ್ಲೇ ತಡಿಯೂ ತಯಾರ ಪ್ರತಿಕಾಯ) ಕೊಡತಾರ, ಕುದರಿ ರಕ್ತದಿಂದ ಮಾಡಿದ್ದಾದ್ರ ಒಂದ ಕೆ.ಜಿ. ತೂಕಕ್ಕ 40 ಯುನಿಟ್, ಮನಷ್ಯಾರದ್ದಾದ್ರ 20. ಲಸಿಕಿ ಚರ್ಮದಾಗ ಕೊಟ್ರ 0, 3, 7, 28ನೇ ದಿನ, ಸಲಕ್ಕ ಎರಡ ಕಡೆ 0.1 ಎಂ.ಎಲ್. ಮೂರನೇ ಸೂಜಿ ಆದ ಮ್ಯಾಲೆ ಆರಾಮ ಐತಿ ಅಂತ ಮಂದಿ ಬಿಟ್ಟ ಬಿಡತಾರ, ಮೋಸ ಆಗೂದು ಅಲ್ಲೇ.

ಇದನ್ನ ಯಾಕ ಬರದೆ ಅಂದ್ರ, ನಿನ್ನ ಕತಿಗೆ 15 ನಿಮಿಷ ಬೇಕು. ಆ ಓಣ್ಯಾಗ ನಳದ ನೀರು ದಿನಾ ಬರೂದಿಲ್ಲ. ಅವ್ವನ ಕೈ ತೊಳಿಯಾಕ ಮಗಾ ಬ್ಯಾರಲ್‌ನ್ಯಾಗಿನ ನೀರು ಚರಿಗಿಲೆ ಸುರುವತಾ ನಿಂದ್ರಬೇಕು. 15 ನಿಮಿಷ ಸುರುವೂದಂದ್ರ ಕಡಿಮಿ ಅಲ್ಲ. ಬ್ಯಾರಲ್ ತಳಾ ಕಾಣತೈತಿ. 'ಸಾಕು ಬಿಡೋ, ನಾಳಿಗೆ ಕುಡಿಯಾಕ ಬೇಕು' ಅಂತ ಆಕಿ ಅಂತಾಳ. ಅಷ್ಟ ಅಂದ್ರ ಸಾಕು, ನಿನ್ನ ಕತಿಯೊಳಗ ಅವ್ವ ಬಂದ್ಲು. ಅವ್ವನ್ನ ಹೊಡಿಯಾಕ ಬಂದ ಮಗಾ ಮದಲ ಆಕಿ ಗಾಯ ತೊಳದಂವ ಆಗಿರಬೇಕು. ಆಮ್ಯಾಲೆ ನಿನ್ನ ಕೈ ಏನ ಮಾಡತೈತಿ ನೋಡು. ಸಾಹಿತ್ಯದ ಬುದ್ಧಿ ಹೇಳಾಕ ನನಗ ಅಧಿಕಾರ ಇಲ್ಲ, ತಪ್ಪ ತಿಳೀಬ್ಯಾಡ.

ರೋಗ ಎದ್ದ ಮ್ಯಾಲಿನ ಮಾತು ಬ್ಯಾರೆ. ಆಮ್ಯಾಲೆ ಉಳದವರು ಬೆರಳಿಂದ ಎಣಿಸೂವಷ್ಟು. ಆದ್ರ ಹುಚ್ಚ ಹಿಡೀತೈತಿ, ಮಂದಿ ಗುರುತು ಹೋಗತೈತಿ, ಸಿಕ್ಕಸಿಕ್ಕವರನ್ನ ಕಡೀತಾರ ಅನ್ನೂದು ಪೂರಾ ಖರೇ ಅಲ್ಲ. ನೀರಿನ ಲೋಟಾ ತುಟಿಗೆ ಬಂದ ಕೂಡ್ಲೆ ಗಂಟಲದ ಸ್ನಾಯು ಹಿಡಕೊಂತಾವ, ಫ್ಯಾನಿನ ಗಾಳಿ ಮಕಕ್ಕ ಬಡದ್ರೂ ಹಂಗ ಆಗತೈತಿ. ಆ ಸೆಳೆತ ಇಳದ ಮ್ಯಾಲೆ ಮನಷ್ಯಾ ಶುದ್ಧಿ ಮ್ಯಾಲೆ ಬರತಾನ. ಹೆಸರ ಹಿಡದು ಕರೀತಾನ, ನೀರಡಿಕಿ ಅಂತಾನ. ಕಡೀಕ ಒಂದೆರಡು ದಿನ ಬಿಟ್ರ, ನಡನಡುವ ಅಂವ ಅವನ ಇರತಾನ.

ಇಲ್ಲಿ ನಾ ಒಂದ ಹೇಳಬೇಕು, ಹೇಳದ ನಿನಗ ಬುದ್ಧಿ ಹೇಳಾಕ ಬರೂದಿಲ್ಲ. ನರ್ಸ್ ನೌಕರಿಗೆ ಸೇರಿದ ಹೊಸದಾಗಿ ಅಂಥಾ ಒಬ್ಬ ಹುಡುಗನ ಖೋಲಿಗೆ ಹೊರಗಿಂದ ಚಿಲಕ ಹಾಕಿದಾಕಿ ನಾ. ಅವನ ಅವ್ವ ಬಂದ್ರ ಬಾಗಲದಾಗ ಅಡ್ಡ ನಿಂತೆ. ಕೈಗೆ ಗ್ಲೌಸ್, ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿ ಒಳಗ ಬಿಟ್ಟಿದ್ರ ಏನೂ ಆಗತಿರಲಿಲ್ಲ. ಮನಷ್ಯಾರಿಂದ ಮನಷ್ಯಾರಿಗೆ ರೇಬೀಸ್ ಬಂದದ್ದು ಖಾತ್ರಿ ಆಗಿರೂದು ಸತ್ತವರ ಕಣ್ಣಿನ ಕಾರ್ನಿಯಾ, ಕಿಡ್ನಿ ಹಿಂತಾವನ್ನ ಜೋಡಿಸಿದಾಗ. ಜೊಲ್ಲು ಗಾಯಕ್ಕ ತಾಗಿದ್ರೂ ಲಸಿಕಿ ಐತಿ. ಅದನ್ನ ನಾ ತಿಳಕೊಳ್ಳೂದರಾಗ ಹುಡುಗ ಹೋಗಿದ್ದ. ಚಿಲಕ ಹಾಕೂ ಮುಂದ ನನ್ನ ಕೈನೂ ನಡುಗಲಿಲ್ಲ, ತಮ್ಮಾ. ಯಾಕಂದ್ರ ಅಂವ ಹೋದಂಗ ಅಂತ ಅವ್ವಗ ಮೊದಲ ನಾ ಅಂದಬಿಟ್ಟಿದ್ದೆ. ನಿನ್ನ ಆ ಸಾಲು ಓದಿ ನಿದ್ದಿ ಹತ್ತಲಿಲ್ಲ ಅಂದೆನಲ್ಲ, ಅದಕ್ಕ.

ಈಗ ಅಂಥವರನ್ನ ನೋಡಿಕೊಳ್ಳೂ ರೀತಿ ಬ್ಯಾರೆ. ಫ್ಯಾನ್ ಇಲ್ಲದ, ನೀರಿನ ಸಪ್ಪಳ ಕೇಳದ, ಬೆಳಕು ಕಡಿಮಿ ಇರೂ ಖೋಲಿ. ಸೆಳೆತಕ್ಕ ಮಿಡಾಜೊಲಾಂ, ಗಾಬರಿಗೆ ಹ್ಯಾಲೊಪೆರಿಡಾಲ್, ನೋವಿಗೆ ಮಾರ್ಫಿನ್. ವಾಸಿ ಮಾಡೂದಕ್ಕಲ್ಲ, ಸಂಕಟ ತಗ್ಗಸೂದಕ್ಕ. ಕೊಲ್ಲೂದು ಮತ್ತ ಸಂಕಟದಾಗ ಬಿಡೂದು ಇವೆರಡ ದಾರಿ ಅಂತ ನಿನ್ನ ಕತಿ ಅಂತೈತಿ. ಮೂರನೇದ್ದು ಇದು.

ಔಷಧ ಸಿಗದ ಊರಿನ್ಯಾಗ ಕಟ್ಟೂ ಪ್ರಸಂಗ ಬಂದ್ರ ಹಗ್ಗ ಬ್ಯಾಡ. ಹಳೇ ಧೋತರ ಅಗಲಾಗಿ ಮಡಚಿ, ಎರಡ ಬೆರಳು ಹೋಗೂವಷ್ಟು ಸಡಲ ಬಿಟ್ಟು ಹೊರಸಿನ ಚೌಕಟ್ಟಿಗೆ ಕಟ್ಟಬೇಕು. ಬಿಗಿ ಆದ್ರ ಉಗುರು ನೀಲಿ ಆಗತಾವ. ಅಂಗಾತ ಮಲಗಿಸಿದ್ರ ವಾಂತಿ ಶ್ವಾಸನಾಳಕ್ಕ ಹೋಗತೈತಿ, ಮಗ್ಗಲಾ ಮಾಡಿ ಮಲಗಿಸಬೇಕು. ಎರಡು ತಾಸಿಗೊಮ್ಮೆ ಒಂದೊಂದ ಕೈ ಬಿಚ್ಚಿ ತಿಕ್ಕಿ ಮತ್ತ ಕಟ್ಟಬೇಕು. ಕಟ್ಟಿದಾಕಿ ಎದ್ದು ಹೋಗೂಹಂಗಿಲ್ಲ ಅನ್ನೂದ ಇದರ ಅರ್ಥ. ಹೊರಸಿನ ಮಗ್ಗಲ ರಾತ್ರಿ ಕುಂತ ಮಗನ್ನ ಬರಿ, ಬೇಕಾದ್ರ.

ಹಿಂಗ ಹೊಡದ್ರ ಕಾಯ್ದೆ ಏನ ಅಂತೈತಿ ಅಂತ ಕೇಳಿದ್ದಿ. ತಪ್ಪಿದ್ರ ಯಾರರ ವಕೀಲರಿಗೆ ಕೇಳಕೋ. ಭಾರತೀಯ ನ್ಯಾಯ ಸಂಹಿತೆ 36ನೇ ಕಲಂ ಪ್ರಕಾರ ಬುದ್ಧಿ ಸ್ವಾಧೀನ ಇಲ್ಲದವರು ಮೈಮ್ಯಾಲೆ ಬಂದ್ರೂ ಆತ್ಮರಕ್ಷಣೆ ಹಕ್ಕು ಇರತೈತಿ. ಆದ್ರ ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡಬಾರದು. ನಿನ್ನ ಕತಿಯ ದನದ ಮನಿಗೆ ಬಾಗಲಾ ಐತಿ, ಅಗಳಿನೂ ಐತಿ, ಎರಡೂ ನೀನ ಬರದೀ. 18 ದಾಟಿದವರು ತಾವ ಒಪ್ಪಿ ಸತ್ರೂ ಕೊಂದವಗ ಪೂರಾ ಬಿಡುಗಡಿ ಇಲ್ಲ. 101ನೇ ಕಲಮಿನ ಐದನೇ ಅಪವಾದ ಅದನ್ನ ಕೊಲಿಯಿಂದ ಒಂದ ಮೆಟ್ಟಲಾ ಇಳಸತೈತಿ, ಅಷ್ಟ. ಆಕಿ ಮನಷ್ಯಾಳ ಅಲ್ಲ ಅಂತ ಕಾಯ್ದೆ ಎಲ್ಲೂ ಅನ್ನೂದಿಲ್ಲ.

ಅರುಣಾ ಶಾನಭಾಗ ಅವರ ಹೆಸರು ನೀ ಕೇಳಿರಬೇಕು. ನಮ್ಮಂಗ ನರ್ಸ್. 1973ರಾಗ ಆಕಿ ಮ್ಯಾಲೆ ದಾಳಿ ಆತು, ಮಿದುಳಿಗೆ ಪೆಟ್ಟಾಗಿ ಹಾಸಿಗಿ ಹಿಡದ್ಲು, 2015ರಾಗ ತೀರಿಕೊಂಡ್ಲು. ನಡುವಿನ 42 ವರ್ಷ ಮುಂಬೈದ ಕೆ.ಇ.ಎಂ. ಆಸ್ಪತ್ರಿ ನರ್ಸಗೋಳು ಪಾಳಿ ಮ್ಯಾಲೆ ಆಕೀನ್ನ ತೊಳದು, ಉಣಿಸಿ, ಹೊರಳಿಸಿ ಕಾಯ್ದರು. ಸಾಯಾಕ ಬಿಡ್ರಿ ಅಂತ ಬ್ಯಾರೆಯವರು ಅರ್ಜಿ ಹಾಕಿದಾಗ 'ಬ್ಯಾಡ' ಅಂದವರು ಆ ನರ್ಸಗೋಳ. 2011ರಾಗ ಸುಪ್ರೀಂ ಕೋರ್ಟ್ ಅವರ ಮಾತ ಹಿಡೀತು. 2018ರಾಗ ಅದ ಕೋರ್ಟ್, ಶುದ್ಧಿ ಇದ್ದಾಗ ಮೊದಲ ಬರದಿಟ್ಟ ಇಚ್ಛಾಪತ್ರ ನಡೀತೈತಿ ಅಂದಿತು. ಅದಕ್ಕೂ ಡಾಕ್ಟರ್ ಮಂಡಳಿ ಎರಡು ನೋಡಬೇಕು, ಒಬ್ಬರ ಮಾತಿನ ಮ್ಯಾಲೆ ಆಗೂದಿಲ್ಲ. ಜೀವ ಎಳದು ಇಡೂ ಯಂತ್ರ ತಗಿಯೂದಕ್ಕ ಇಷ್ಟ ಕಾಯತಾರ. ನಿನ್ನ ಹುಡುಗಗ ಹತ್ತ ಸಾಲು ಸಾಕಾದುವು.

ಒಮ್ಮೊಮ್ಮೆ ಇದರ ತದ್ವಿರುದ್ಧ ತಪ್ಪೂ ಆಗತೈತಿ. 1898ರಾಗ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಮಂದಿ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರು. ಆ ಕಾಲಕ್ಕ ಮುಂಬೈ ಇಲಾಖ್ಯಾದಾಗ ಸರಕಾರದವರು ಮನಿ ಹೊಕ್ಕು ರೋಗಿಗಳನ್ನ ಕ್ಯಾಂಪಿಗೆ ಎಳಕೊಂಡು ಹೋಗತಾರ ಅಂತ ಅಂಜಿ, ಬೇನೆ ಬಿದ್ದವರನ್ನ ಒಳಗ ಬಚ್ಚಿಟ್ಟವರು ಎಷ್ಟೋ ಮಂದಿ. ಪ್ರೀತಿಲೆ ಬಚ್ಚಿಟ್ರು, ಆದ್ರ ಮನಿ ಮಂದಿಗೂ ಹತ್ತೂ ಅಪಾಯ ಇತ್ತು. ಅದಕ್ಕ ನಾ ನಿನಗ 'ಅವ್ವನ್ನ ಕೊಲ್ಲಸಬ್ಯಾಡ' ಅಂತ ಹೇಳೂದಿಲ್ಲ. ಕೊಲ್ಲೂದ ಬಂದ್ರ ಬರಲಿ. ಕಡದದ್ದಕ್ಕೂ ಬದಲಾಗೂದಕ್ಕೂ ನಡುವ ಒಂದ ದಿನರ ಕೊಡು. ಆ ದಿನ ಅವ್ವನ್ನ ಕೇಳಲಿ, 'ನಿನಗ ಗುರ್ತ ಹೋದ ಮ್ಯಾಲೆ ಏನ ಮಾಡಲಿ' ಅಂತ. 'ಟ್ರೇನ್ ಟು ಬುಸಾನ್' ಸಿನಿಮಾದಾಗ ಜೊಂಬಿ ಕಡದ ಅಪ್ಪ ತಾನ ಠರಾವ್ ಮಾಡಿ ಮಗಳಿಂದ ದೂರ ಹೋಗಿ ರೈಲಿನ್ಯಾಗಿಂದ ಬಿದ್ದ ನೋಡು, ಅವನ ಸಾವು ಅವನ ಕೈಯಾಗ ಇತ್ತು. ನಿನ್ನ ಅವ್ವ 'ಕಟ್ಟಿ ಹಾಕು, ನೋಡು' ಅನ್ನಬಹುದು, 'ಬಿಟ್ಟು ಓಡು' ಅನ್ನಬಹುದು, 'ನೀನ ಹೊಡಿ, ಓಣ್ಯಾಗಿನವರಿಗೆ ಕೊಡಬ್ಯಾಡ' ಅಂತನೂ ಅನ್ನಬಹುದು. ಆಕಿ ಏನ ಅಂತಾಳ ಅನ್ನೂದು ನನಗ ಗೊತ್ತಿಲ್ಲ, ನಿನಗೂ ಇನ್ನೂ ಗೊತ್ತಿಲ್ಲ. ಜ್ವರಾ ಬಂದ್ರ ಬರೇ ಜ್ವರಾ ಇರಬಹುದು, ಅದನ್ನೂ ಮರೀಬ್ಯಾಡ. ಹೊಡಿಯೂ ಮುಂದ ಒಮ್ಮೆ ಹೆಸರ ಹಿಡದು ಕರದು, ಉತ್ತರಕ್ಕ ಕಾಯಲಿ.

ನಿನ್ನೊಳಗ ಸತ್ತದ್ದು ಏನೂ ಇಲ್ಲ ಅಂತ ಮತ್ತ ಬರಿಯತೇನಿ. ಸತ್ತಿದ್ರ ಚಾ ಕುಡದದ್ದು ನಿನಗ ನೆನಪು ಇರತಿರಲಿಲ್ಲ, ನನಗ ಪತ್ರಾನೂ ಬರತಿರಲಿಲ್ಲ.

ಆ ಪುಟ ತಿದ್ದಿದ ಮ್ಯಾಲೆ ಕಳಸು. ಟೈಪ್ ಮಾಡಿದ್ದು ಬ್ಯಾಡ. ಪೆನ್ನಿಲೆ ಬರದು ಅದರ ಫೋಟೊ ಕಳಸು, ನೀ ಪಾಟಿ ಹಿಡದಾಗಿಂದ ನಿನ್ನ ಅಕ್ಷರ ನೋಡಿದಾಕಿ ನಾ.

ನಿನ್ನ ಅತ್ತಿ