ಒಂದೇ ಕೋಣೆಯಲ್ಲಿ ಕೂತು ಆಡುವ ಮೊಬೈಲ್ ಆಟವನ್ನು ಜೂಜಿನ ಜೊತೆ ಸೇರಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮೊಬೈಲ್ ಗೇಮಿನಿಂದ ಮಕ್ಕಳು ಹಾಳಾದರು ಎಂಬ ಪತ್ರಗಳು ಪತ್ರಿಕೆಗಳಲ್ಲಿ ಬರತೊಡಗುತ್ತವೆ. ಆ ಆತಂಕ ಸುಳ್ಳಲ್ಲ. ಆದರೆ ಹಣ ಕಟ್ಟಿ ಒಬ್ಬರೇ ಮೂಲೆಯಲ್ಲಿ ಕೂತು ಆಡುವ ರಮ್ಮಿ ಬೇರೆ, ಎಂಟು ಜನ ಗೆಳೆಯರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಬಾಯ್ತುಂಬ ಮಾತಾಡುತ್ತ ಆಡುವ ಆಟ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಬರೀ ಮನರಂಜನೆಯ ಆಟಗಳನ್ನು ಅದರಿಂದ ಹೊರಗಿಟ್ಟಿದೆ. ದಾವಣಗೆರೆಯಂಥ ಕಾಲೇಜು, ಹಾಸ್ಟೆಲ್, ಪಿ.ಜಿ.ಗಳ ಊರಿನಲ್ಲಿ ಪೋಷಕರೂ ವಾರ್ಡನ್‌ಗಳೂ ಈ ವ್ಯತ್ಯಾಸ ತಿಳಿದಿರಬೇಕು. ಅದಕ್ಕೆಂದೇ ಒಂದು ಆಟವನ್ನು ಹಿಡಿದು, ಅದನ್ನು ಸರಿಯಾಗಿ ಆಡಿಸುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇವೆ.

ಆಟದ ಹೆಸರು ಅಮಾಂಗ್ ಅಸ್. ಅಮೆರಿಕದ ಇನ್ನರ್‌ಸ್ಲಾತ್ ಎಂಬ ಸಣ್ಣ ತಂಡ 2018ರಲ್ಲಿ ಇದನ್ನು ಹೊರತಂದಾಗ ಕೇಳುವವರಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮನೆಮನೆಗೆ ಹಬ್ಬಿತು. ಮೊದಲು ಹತ್ತು ಜನರ ಮಿತಿ ಇತ್ತು, 2021ರಿಂದ ಹದಿನೈದು ಜನ ಆಡಬಹುದು. ಕನಿಷ್ಠ ನಾಲ್ವರು ಬೇಕು. ಬಾಹ್ಯಾಕಾಶ ನೌಕೆಯ ಸಿಬ್ಬಂದಿಯಾದ ಕ್ರೂಮೇಟ್‌ಗಳು ತಮಗೆ ಕೊಟ್ಟ ಕೆಲಸಗಳನ್ನು ಮುಗಿಸಬೇಕು. ಅವರ ನಡುವೆ ಅವರಂತೆಯೇ ಕಾಣುವ ಇಂಪೋಸ್ಟರ್ ಒಬ್ಬೊಬ್ಬರನ್ನೇ ಮುಗಿಸುತ್ತ ಬರುತ್ತಾನೆ. ಹೆಣ ಕಂಡರೆ ಸಭೆ, ಸಭೆಯಲ್ಲಿ ವಾದ, ಆಮೇಲೆ ಮತದಾನ; ಹೆಚ್ಚು ಮತ ಬಿದ್ದವರು ನೌಕೆಯಿಂದ ಹೊರಗೆ. ಕೆಲಸಗಳೆಲ್ಲ ಮುಗಿದರೆ ಅಥವಾ ಇಂಪೋಸ್ಟರ್ ಎಲ್ಲ ಹೊರಬಿದ್ದರೆ ಕ್ರೂಮೇಟ್‌ಗಳಿಗೆ ಗೆಲುವು, ಉಳಿದ ಕ್ರೂಮೇಟ್‌ಗಳ ಸಂಖ್ಯೆ ಇಂಪೋಸ್ಟರ್‌ಗಳಿಗೆ ಸಮವಾದರೆ ಇಂಪೋಸ್ಟರ್‌ಗೆ ಗೆಲುವು. ರಾಜ-ರಾಣಿ-ಕಳ್ಳ-ಪೊಲೀಸ್ ಚೀಟಿ ಆಟ ಆಡಿದವರಿಗೆ ಇದರ ಮಜಾ ಏನೆಂದು ಹೇಳಬೇಕಾಗಿಲ್ಲ. ಕೊಲ್ಲುವ ದೃಶ್ಯ ಕಾರ್ಟೂನ್ ರೂಪದಲ್ಲಿದ್ದರೂ ಇದೆ, ದೇಹ ಎರಡು ತುಂಡಾಗಿ ಮೂಳೆ ಕಾಣುತ್ತದೆ. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ. ಅವರಿಗೆ, ಮನೆಯ ಅಜ್ಜಿ-ತಾತಂದಿರಿಗೆ, ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡುವ ಲೂಡೋ ಕಿಂಗ್ ಸಾಕು.

ಮೊದಲ ತೊಡಕು ನೆಟ್‌ವರ್ಕಿನದು. ಒಂದೇ ಕೋಣೆಯಲ್ಲಿ ಇದ್ದವರು ಆನ್‌ಲೈನ್ ಬದಲು ಲೋಕಲ್ ಆಯ್ಕೆ ಮಾಡಿಕೊಳ್ಳಬೇಕು. ಎಲ್ಲ ಫೋನೂ ಒಂದೇ ವೈ-ಫೈನಲ್ಲಿ ಇರಬೇಕು. ಹಾಸ್ಟೆಲ್, ಪಿ.ಜಿ.ಗಳಲ್ಲಿ ಇಲ್ಲಿಯೇ ಕೈಕೊಡುತ್ತದೆ. ಎಲ್ಲರಿಗೂ ಇಂಟರ್ನೆಟ್ ಬರುತ್ತಿರುತ್ತದೆ, ಆದರೆ ಹೋಸ್ಟ್ ಮಾಡಿದವರ, ಅಂದರೆ ತಮ್ಮ ಫೋನಿನಲ್ಲಿ ಆಟ ಶುರುಮಾಡಿ ಉಳಿದವರನ್ನು ಸೇರಿಸಿಕೊಳ್ಳುವವರ, ಆಟ ಬೇರೆಯವರ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆಟ ಕೆಟ್ಟಿದೆಯೆಂದು ಅಳಿಸಿ ಮತ್ತೆ ಹಾಕಿಕೊಳ್ಳುವವರೇ ಹೆಚ್ಚು. ಅಸಲಿಗೆ ಅಂಥ ಕಡೆ ರೂಟರ್‌ನಲ್ಲಿ ಐಸೋಲೇಷನ್ ಎಂಬ ವ್ಯವಸ್ಥೆ ಹಾಕಿರುತ್ತಾರೆ, ಒಂದು ಫೋನಿಗೆ ಪಕ್ಕದ ಫೋನ್ ಕಾಣದಂತೆ. ಮನೆಯ ರೂಟರ್‌ನಲ್ಲಿ ಗೆಸ್ಟ್ ಹೆಸರಿನ ವೈ-ಫೈ ಇದ್ದರೂ ಇದೇ ಕಥೆ. ಪರಿಹಾರ ಸುಲಭ: ಒಂದು ಫೋನಿನಿಂದ ಹಾಟ್‌ಸ್ಪಾಟ್ ಹಾಕಿ ಉಳಿದವರು ಅದಕ್ಕೆ ಸೇರಿಕೊಳ್ಳುವುದು. ಸಾಧ್ಯವಾದರೆ ಆಡದೆ ಇರುವ ಇನ್ನೊಂದು ಫೋನನ್ನು ಹಾಟ್‌ಸ್ಪಾಟಿಗೆ ಇಟ್ಟುಕೊಳ್ಳಿ, ಹೋಸ್ಟ್ ಮಾಡುವ ಫೋನಿನ ಮೇಲೆ ಹೊರೆ ಬೀಳುವುದಿಲ್ಲ. ಎಷ್ಟೋ ಫೋನ್‌ಗಳ ಹಾಟ್‌ಸ್ಪಾಟಿಗೆ ಎಂಟೋ ಹತ್ತೋ ಜನರ ಮಿತಿ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಹಾಟ್‌ಸ್ಪಾಟ್ ಕೊಟ್ಟ ಫೋನಿನಲ್ಲಿ ಡೇಟಾ ಇಲ್ಲದಿದ್ದರೆ, ಸೇರಿಕೊಂಡ ಫೋನ್‌ಗಳು "ಈ ವೈ-ಫೈನಲ್ಲಿ ಇಂಟರ್ನೆಟ್ ಇಲ್ಲ" ಎಂದು ತಾವಾಗಿಯೇ ಸಿಮ್‌ನ ಡೇಟಾಕ್ಕೆ ಜಾರಿಬಿಡುತ್ತವೆ. ಆಗ ಆಟದ ನಡುವೆ ಒಬ್ಬೊಬ್ಬರೇ ಕಳಚಿಕೊಳ್ಳುತ್ತಾರೆ. ಸೇರುವವರೆಲ್ಲ ಮೊಬೈಲ್ ಡೇಟಾ ಆಫ್ ಮಾಡಿದರೆ ಈ ಕಾಟ ಇಲ್ಲ. ಐಫೋನ್ ಇದ್ದವರು ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ಕೊಟ್ಟಿದ್ದೀರೋ ನೋಡಿ. ಫೋನಿನ ಸಂಪರ್ಕವನ್ನು ಬೇರೆ ದಾರಿಯಿಂದ ಕಳಿಸುವ ವಿಪಿಎನ್ ಹಾಕಿದ್ದರೆ ತೆಗೆಯಿರಿ. ಎಲ್ಲರ ಫೋನಿನಲ್ಲೂ ಒಂದೇ ಆವೃತ್ತಿ ಇರಬೇಕು, ಆದ್ದರಿಂದ ಅಪ್‌ಡೇಟ್ ಮಾಡುವುದು, ನೆಟ್ ಇರುವಾಗ ಒಮ್ಮೆ ಆಟ ತೆರೆದು ಹೆಸರು-ವಯಸ್ಸು ತುಂಬುವುದು, ಇವನ್ನೆಲ್ಲ ಹಿಂದಿನ ದಿನವೇ ಮುಗಿಸಿಕೊಳ್ಳಿ. ಲೋಕಲ್ ಆಟ ನಡೆಯುವುದು ಹೋಸ್ಟ್ ಮಾಡಿದವರ ಫೋನಿನ ಮೇಲೆ. ಅವರಿಗೆ ಕರೆ ಬಂದು ಆಟದಿಂದ ಆಚೆ ಹೋದರೆ ಎಲ್ಲರ ಆಟವೂ ನಿಂತಿತು. ಆ ಫೋನಿನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿಡಿ. ರೂಟರ್ ನಂಬಿ ಆಡುವವರು ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ನಮ್ಮೂರಿನ ಏಪ್ರಿಲ್-ಮೇ ಗಾಳಿ ಮಳೆಗೆ ಹಾಟ್‌ಸ್ಪಾಟೇ ಕ್ಷೇಮ. ಅದೇ ಬಿಸಿಲಿನಲ್ಲಿ ಚಾರ್ಜಿಗೆ ಹಾಕಿಕೊಂಡು ಆಡಿದರೆ ಫೋನ್ ಕಾದು ಪರದೆ ತಾನಾಗಿ ಮಂಕಾಗುತ್ತದೆ, ಆಟ ತಡವರಿಸುತ್ತದೆ. ತುಂಬ ಚಾರ್ಜ್ ಮಾಡಿಕೊಂಡೇ ಕೂರಬೇಕು.

ಇನ್ನು ಆಟದ ಸೆಟ್ಟಿಂಗ್. ಐದರಿಂದ ಏಳು ಜನರಿಗೆ ಒಬ್ಬ ಇಂಪೋಸ್ಟರ್, ಎಂಟರಿಂದ ಹತ್ತು ಜನರಿಗೆ ಇಬ್ಬರು. ನಾಲ್ವರೇ ಆಡಿದರೆ ಎರಡು ಕೊಲೆಗೆ ಆಟ ಮುಗಿಯುತ್ತದೆ, ಸ್ವಾರಸ್ಯವಿಲ್ಲ. ಒಂದು ಕೊಲೆಯಾದ ಮೇಲೆ ಇನ್ನೊಂದಕ್ಕೆ ಇಂಪೋಸ್ಟರ್ ಕಾಯಬೇಕಾದ ಹೊತ್ತು, ಕಿಲ್ ಕೂಲ್‌ಡೌನ್, 25ರಿಂದ 30 ಸೆಕೆಂಡ್ ಇರಲಿ; 15ಕ್ಕೆ ಇಳಿಸಿದರೆ ಹೊಸಬರು ನಕ್ಷೆ ಕಲಿಯುವ ಮೊದಲೇ ಸಾಯುತ್ತಾರೆ. ಹೆಣ ಸಿಗದಿದ್ದರೂ ಗುಂಡಿ ಒತ್ತಿ ಕರೆಯುವ ತುರ್ತು ಸಭೆ ತಲೆಗೆ ಒಂದೇ. ಮತದಾನಕ್ಕೆ 90 ಸೆಕೆಂಡ್ ಕೊಡಿ, ಎದುರುಬದುರು ಕೂತವರ ಮಾತು ಬೇಗ ಮುಗಿಯುವುದಿಲ್ಲ. ಹೊರಹಾಕಿದವರು ಇಂಪೋಸ್ಟರ್ ಹೌದೋ ಅಲ್ಲವೋ ಎಂದು ತಿಳಿಸುವ ಕನ್ಫರ್ಮ್ ಇಜೆಕ್ಟ್ಸ್ ಹೊಸಬರಿಗೆ ಆನ್ ಇರಲಿ. ಕೆಲವು ಕೆಲಸ ಮಾಡುವುದನ್ನು ಬೇರೆಯವರಿಗೂ ತೋರಿಸುವ ವಿಷುವಲ್ ಟಾಸ್ಕ್ಸ್ ಮಾತ್ರ ಆಫ್ ಮಾಡಿ. ಇಂಪೋಸ್ಟರ್ ಆ ಕೆಲಸ ಮಾಡಲಾರ, ಹಾಗಾಗಿ ಅದು ಆನ್ ಇದ್ದರೆ ಚಿಕಿತ್ಸಾ ಕೋಣೆಯಾದ ಮೆಡ್‌ಬೇಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡವರು ಎಲ್ಲರ ಕಣ್ಣೆದುರೇ ನಿರ್ದೋಷಿಯಾಗಿಬಿಡುತ್ತಾರೆ, ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಆಟದ ನಕ್ಷೆಗಳಲ್ಲಿ ಮೊದಲು ಸ್ಕೆಲ್ಡ್ ಎಂಬ ನೌಕೆಯದನ್ನು ಆರಿಸಿಕೊಳ್ಳಿ. ಅದರ ಅಡ್ಮಿನ್ ಕೋಣೆಯಲ್ಲಿ ಕಾರ್ಡ್ ಎಳೆಯುವ ಕೆಲಸ ಹೊಸಬರ ತಾಳ್ಮೆ ತಿನ್ನುತ್ತದೆ. ವೇಗವಾಗಿ ಎಳೆದರೂ ಒಪ್ಪುವುದಿಲ್ಲ, ನಿಧಾನ ಮಾಡಿದರೂ ಒಪ್ಪುವುದಿಲ್ಲ. ಎಡದಿಂದ ಬಲಕ್ಕೆ, ನಡುವೆ ನಿಲ್ಲಿಸದೆ, ಒಂದೇ ಸಮ ಎಳೆಯಬೇಕು. ಇದು ಕಾಮನ್ ಟಾಸ್ಕ್, ಬಂದರೆ ಎಲ್ಲ ಕ್ರೂಮೇಟ್‌ಗಳಿಗೂ ಬರುತ್ತದೆ, ಇಲ್ಲವಾದರೆ ಯಾರಿಗೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಕಾರ್ಡ್ ಇಲ್ಲದಿರುವಾಗ "ನಾನು ಅಡ್ಮಿನ್‌ನಲ್ಲಿ ಕಾರ್ಡ್ ಎಳೀತಿದ್ದೆ" ಎಂದು ಯಾರಾದರೂ ಹೇಳಿದರೆ ಅವರನ್ನು ಬಿಡಬೇಡಿ.

ಒಂದೇ ಕೋಣೆಯ ಆಟಕ್ಕೆ ಫೋನಿನಲ್ಲಿ ಇಲ್ಲದ ಕೆಲವು ನಿಯಮಗಳು ಬೇಕು. ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಕೂರಬೇಕು, ಇಂಪೋಸ್ಟರ್‌ನ ಪರದೆಯ ಮೂಲೆಯಲ್ಲಿರುವ ಕೆಂಪು ಗುಂಡಿಗಳು ಪಕ್ಕದವರಿಗೆ ಸುಲಭವಾಗಿ ಕಾಣುತ್ತವೆ. ಫೋನಿನ ಶಬ್ದ ಪೂರ್ತಿ ಬಂದ್ ಮಾಡಬೇಕು. ಕೊಲೆಯ ಸದ್ದು ಯಾವ ಕಡೆಯಿಂದ ಬಂತೆಂದು ಕಿವಿಗೆ ಗೊತ್ತಾಗುತ್ತದೆ. ಸಭೆ ಬಿಟ್ಟು ಬೇರೆ ಹೊತ್ತಿನಲ್ಲಿ ಮಾತಿಲ್ಲ. ಸತ್ತವರು "ಅಯ್ಯೋ" ಅನ್ನುವ ಹಾಗಿಲ್ಲ, ಫೋನ್ ಕೆಳಗಿಡುವ ಹಾಗೂ ಇಲ್ಲ. ಅವರು ದೆವ್ವವಾಗಿ ತಮ್ಮ ಕೆಲಸ ಮುಗಿಸುತ್ತಲೇ ಇರಬೇಕು, ಅವೂ ಗೆಲುವಿನ ಲೆಕ್ಕಕ್ಕೆ ಬರುತ್ತವೆ. ಬೇಸರದಿಂದ ಸತ್ತವರು ಕೈಬಿಟ್ಟ ಕೆಲಸದಿಂದಲೇ ಎಷ್ಟೋ ಆಟ ಸೋಲುತ್ತದೆ. ಮಂಡಕ್ಕಿ-ಮಿರ್ಚಿ ಎರಡು ಆಟದ ನಡುವೆ ತಿನ್ನಿ. ಎಣ್ಣೆ ಬೆರಳಿಗೆ ಪರದೆಯ ಜಾಯ್‌ಸ್ಟಿಕ್ ಜಾರುತ್ತದೆ.

ಸಭೆಯಲ್ಲಿ ಗದ್ದಲವೇ ಗೆಲ್ಲಬಾರದು. ಸಾಮಾನ್ಯವಾಗಿ ಮೆತ್ತಗೆ ಮಾತಾಡುವ ಹುಡುಗ ಅಥವಾ ಹುಡುಗಿ ತಡವರಿಸಿದ ಕೂಡಲೇ ಎಲ್ಲರೂ ಅವರ ಮೇಲೆ ಮತ ಹಾಕುತ್ತಾರೆ. ಇದು ತಪ್ಪು, ಆಟಕ್ಕೂ ನಷ್ಟ. ಬಣ್ಣದ ಸರದಿಯಂತೆ ಪ್ರತಿಯೊಬ್ಬರೂ ಮೂರೇ ಪ್ರಶ್ನೆಗೆ ಉತ್ತರ ಕೊಡಲಿ: ಎಲ್ಲಿದ್ದೆ, ಯಾರ ಜೊತೆ ಇದ್ದೆ, ಏನು ಮಾಡುತ್ತಿದ್ದೆ? ಆಮೇಲೆ ವಾದ. ಸುಳಿವಿಲ್ಲದಿದ್ದರೆ ಯಾರಿಗೂ ಮತ ಹಾಕದೆ ಸ್ಕಿಪ್ ಒತ್ತಿ. ಎಂಟು ಜನರಲ್ಲಿ ಇಬ್ಬರು ಇಂಪೋಸ್ಟರ್ ಇದ್ದರೆ ನಾಲ್ವರು ಕ್ರೂಮೇಟ್‌ಗಳು ಹೋದಾಗ ಎರಡೂ ಕಡೆ ಸಮವಾಗಿ ಇಂಪೋಸ್ಟರ್‌ಗಳು ಗೆಲ್ಲುತ್ತಾರೆ. ಎರಡು ಸಲ ತಪ್ಪು ಮತ ಹಾಕಿದರೆ ಅವರ ಅರ್ಧ ಕೆಲಸ ನಾವೇ ಮಾಡಿಕೊಟ್ಟ ಹಾಗಾಯಿತು. ಈ ಲೆಕ್ಕ ಒಮ್ಮೆ ಅರ್ಥವಾದ ಮಕ್ಕಳು ಆಮೇಲೆ ಸಾಕ್ಷಿ ಕೇಳದೆ ಯಾರನ್ನೂ ಹೊರಹಾಕುವುದಿಲ್ಲ.

ಪೋಷಕರಿಗೆ ಎರಡು ಮಾತು. ಫೋನಿನಲ್ಲಿ ಆಟ ಉಚಿತ, ಜಾಹೀರಾತು ಬರುತ್ತದೆ. ಒಳಗೆ ಮಾರುವ ಟೋಪಿ, ಉಡುಪುಗಳಿಂದ ಗೆಲ್ಲುವ ಬಲ ಹೆಚ್ಚುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟರೆ ನಿಶ್ಚಿಂತೆ. ಬೇರೆ ಬೇರೆ ಮನೆಗಳಿಂದ ಆನ್‌ಲೈನ್‌ನಲ್ಲಿ ಆಡುವುದಾದರೆ ಕೋಣೆ ಪ್ರೈವೇಟ್ ಇರಲಿ, ಆರು ಅಕ್ಷರದ ಕೋಡನ್ನು ಪರಿಚಯದವರಿಗೆ ಮಾತ್ರ ಕಳಿಸಲಿ. ಪಬ್ಲಿಕ್ ಕೋಣೆಗೆ ಯಾರು ಬೇಕಾದರೂ ನುಗ್ಗಬಹುದು.

ನಗರದ ಹಾಸ್ಟೆಲ್‌ಗಳ ವಾರ್ಡನ್‌ಗಳಲ್ಲಿ ನಮ್ಮ ವಿನಂತಿ ಇಷ್ಟೇ: ಭಾನುವಾರ ಮಧ್ಯಾಹ್ನ ಎರಡು ತಾಸು ಊಟದ ಹಾಲ್ ಬಿಟ್ಟುಕೊಡಿ. ಒಂದು ಆಟ ಹೆಚ್ಚೂಕಡಿಮೆ ಹತ್ತು-ಹದಿನೈದು ನಿಮಿಷದ್ದು, ಅಷ್ಟರಲ್ಲಿ ಎಲ್ಲರಿಗೂ ಸರದಿ ಸಿಗುತ್ತದೆ. ನಿಮ್ಮ ವೈ-ಫೈ ಕೂಡ ಬೇಡ, ಹಾಟ್‌ಸ್ಪಾಟ್ ಮಕ್ಕಳೇ ಹಾಕಿಕೊಳ್ಳುತ್ತಾರೆ. ಹೊಸದಾಗಿ ಸೇರಿ ಯಾರ ಪರಿಚಯವೂ ಇಲ್ಲದೆ ರೂಮಿನಲ್ಲೇ ಉಳಿಯುವ ಮೊದಲ ವರ್ಷದವರನ್ನು ಮೊದಲು ಕರೆಯಿರಿ.

— ಆಟಗಾರ ಗೆಳೆಯರು, ವಿದ್ಯಾನಗರ, ದಾವಣಗೆರೆ